ತಾಯಿಯ ಮಗ್ಗುಲಿನ ಪಾಠಶಾಲೆ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಆಫ್ರಿಕಾ ಖಂಡದ ಕಾಡುಗಳಲ್ಲಿ ವಾಸಿಸುವ ಚಿಂಪಾಂಜಿಗಳು ತಮ್ಮ ಮರಿಗಳನ್ನು ಬೆಳೆಸುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಅಪೇಕ್ಷಿಸುತ್ತೇನೆ. ಚಿಂಪಾಂಜಿಯನ್ನು ಕೋತಿಯೆಂದು ತಿಳಿಯಬಾರದು. ಅದಕ್ಕೆ ಬಾಲವಿಲ್ಲ; ರಕ್ತಸಂಬಂಧದಲ್ಲಿ ಅದು ಕೋತಿಗಿಂತ ಮನುಷ್ಯನಿಗೇ ಹತ್ತಿರದ್ದು.

ಇಂದಿನ ಟಾಂಜಾನಿಯಾ ದೇಶದಲ್ಲಿ, ಟಾಂಗನ್ಯೀಕಾ ಸರೋವರದ ದಡದಲ್ಲಿ, ಗೊಂಬೆ ಎಂಬ ಗುಡ್ಡಗಾಡು ಪ್ರದೇಶವಿದೆ. ಮಕ್ಕಳೇ, ನಗಬೇಡಿ; ನಮ್ಮ ಆಟದ ಗೊಂಬೆಗೂ ಆ ಹೆಸರಿಗೂ ಯಾವ ನಂಟೂ ಇಲ್ಲ. 1960ರ ಜುಲೈ ತಿಂಗಳಿನಲ್ಲಿ ಜೇನ್ ಗುಡಾಲ್ ಎಂಬ 26 ವರ್ಷ ವಯಸ್ಸಿನ ಆಂಗ್ಲ ಯುವತಿ ತಮ್ಮ ತಾಯಿಯೊಡನೆ ಅಲ್ಲಿಗೆ ಬಂದಿಳಿದರು. ಆಗ ಅವರಿಗೆ ವಿಶ್ವವಿದ್ಯಾನಿಲಯದ ಯಾವ ಪದವಿಯೂ ಇರಲಿಲ್ಲ, ತಾಳ್ಮೆಯೊಂದಿತ್ತು. ಅವರನ್ನು ದೂರದಿಂದ ಕಂಡರೂ ಚಿಂಪಾಂಜಿಗಳು ಓಡಿಹೋಗುತ್ತಿದ್ದವು. ಆದರೂ ಅವರು ದಿನವೂ ಗುಡ್ಡವೇರಿ ಕುಳಿತು ನೋಡಿದರು, ಕಂಡುದನ್ನು ಬರೆದಿಟ್ಟರು.

ಮೊದಲು ಅವರ ಭಯವನ್ನು ಬಿಟ್ಟದ್ದು ಬಿಳಿಗಡ್ಡದ ಒಂದು ಗಂಡು. ಅದಕ್ಕೆ ಅವರು ಡೇವಿಡ್ ಗ್ರೇಬಿಯರ್ಡ್ ಎಂದು ಹೆಸರಿಟ್ಟರು. ಪ್ರಾಣಿಗಳಿಗೆ ಹೆಸರಿಡಬಾರದು, ಸಂಖ್ಯೆ ಕೊಡಬೇಕು ಎಂದು ಪಂಡಿತರು ಮುಂದೆ ಆಕ್ಷೇಪಿಸಿದರು. ಹಾಜರಿ ಪುಸ್ತಕ ಹಿಡಿದು ಇಷ್ಟು ವರ್ಷ ಕಳೆದ ನನಗೆ ಹೆಸರೇ ಸರಿಯೆಂದು ತೋರುತ್ತದೆ.

1960ರ ನವೆಂಬರಿನಲ್ಲಿ ಈ ಡೇವಿಡ್ ಒಂದು ಗೆದ್ದಲ ಹುತ್ತದ ಬಳಿ ಕುಳಿತಿತ್ತು. ಹುತ್ತವೆಂದರೆ ನಮಗೆ ಹಾವಿನ ನೆನಪು. ಚಿಂಪಾಂಜಿಗೆ ಅದು ಅನ್ನದ ಪಾತ್ರೆ. ಅದು ಒಂದು ಹುಲ್ಲುಕಡ್ಡಿಯನ್ನು ಹುತ್ತದ ರಂಧ್ರದೊಳಗೆ ಇಳಿಬಿಟ್ಟು, ಕ್ಷಣಕಾಲ ತಡೆದು, ಮೆಲ್ಲನೆ ಹೊರಕ್ಕೆಳೆಯುತ್ತಿತ್ತು. ಕಡ್ಡಿಯನ್ನು ಕಚ್ಚಿ ಹಿಡಿದು ಮೇಲೆ ಬಂದ ಗೆದ್ದಲುಗಳನ್ನು ತುಟಿಯಿಂದ ಸವರಿ ತಿನ್ನುತ್ತಿತ್ತು. ರೆಂಬೆಯ ಎಲೆಗಳನ್ನು ಕಿತ್ತು ಕಡ್ಡಿ ಸಿದ್ಧಪಡಿಸಿಕೊಳ್ಳುವುದನ್ನೂ ಗುಡಾಲರು ಕಂಡರು. ಉಪಕರಣವನ್ನು ಮಾಡಬಲ್ಲವನು ಮನುಷ್ಯನೊಬ್ಬನೇ ಎಂದು ಅದುವರೆಗೆ ಬರೆದಿದ್ದ ಪುಸ್ತಕಗಳನ್ನು ತಿದ್ದಬೇಕಾಯಿತು.

ಈ ವಿದ್ಯೆ ಹುಟ್ಟಿನಿಂದ ಬರುವುದಲ್ಲ. ಮರಿಯು ನಾಲ್ಕೈದು ವರ್ಷ ಮೊಲೆಯುಣ್ಣುತ್ತದೆ, ರಾತ್ರಿ ತಾಯಿಯ ಗೂಡಿನಲ್ಲಿಯೇ ಮಲಗುತ್ತದೆ. ಆ ವರ್ಷಗಳಲ್ಲಿ ಅದು ತಾಯಿಯ ಕೈಯನ್ನು ನೋಡಿ ನೋಡಿ ಕಲಿಯುತ್ತದೆ. ಮೊದಮೊದಲು ತೀರ ಗಿಡ್ಡ ಕಡ್ಡಿಯನ್ನು ಹಿಡಿದು ಬರಿಗೈಯಾಗುವುದೂ ಉಂಟು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಗೊಂಬೆಯ ಹೆಣ್ಣುಮರಿಗಳು ಗಂಡುಮರಿಗಳಿಗಿಂತ ಸುಮಾರು 2 ವರ್ಷ ಮೊದಲೇ ಈ ಕೆಲಸವನ್ನು ಕಲಿತವು. ಹೆಣ್ಣುಮರಿಗಳು ತಾಯಿಯ ಬಳಿ ಕುಳಿತು ಗಮನವಿಟ್ಟು ನೋಡುತ್ತಿದ್ದಾಗ ಗಂಡುಮರಿಗಳು ಲಾಗ ಹಾಕುತ್ತಿದ್ದವಂತೆ! ಈ ಸಭೆಯ ಬಾಲಕರು ಖಿನ್ನರಾಗಬೇಕಿಲ್ಲ. ತಡವಾದರೂ ಅವೂ ಕಲಿಯುತ್ತವೆ.

ಫ್ಲೋ ಎಂಬ ಮುದಿ ತಾಯಿಗೆ ಫ್ಲಿಂಟ್ ಕೊನೆಯ ಕಾಲದ ಮಗ. ಎಂಟು ವರ್ಷವಾದರೂ ತಾಯಿಯನ್ನು ಬಿಟ್ಟಿರಲಾರದು. 1972ರಲ್ಲಿ ಫ್ಲೋ ಸತ್ತಿತು. ಫ್ಲಿಂಟ್ ಆಹಾರವನ್ನು ಬಿಟ್ಟು ಮಂಕಾಗಿ ಕುಳಿತು, ತಿಂಗಳು ತುಂಬುವ ಮೊದಲೇ ತಾನೂ ಸತ್ತಿತು.

ಇಲ್ಲಿಂದ ಬಹುದೂರ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದಲ್ಲಿ ತಾಯಿ ಎಂಬ ಹೆಸರಿನ ಕಾಡಿದೆ. ಇದೂ ನಮ್ಮ ಮಾತಿನ ತಾಯಿಯಲ್ಲ, ಆದರೂ ಹೆಸರು ಒಪ್ಪುತ್ತದೆ. ಅಲ್ಲಿನ ಚಿಂಪಾಂಜಿಗಳು ಗಟ್ಟಿಯಾದ ಕಾಯಿಯನ್ನು ಮರದ ಬೇರಿನ ಮೇಲಿಟ್ಟು ಕಲ್ಲಿನಿಂದ ಕುಟ್ಟಿ ಒಡೆಯುತ್ತವೆ. ತಾಯಂದಿರು ಕಲ್ಲನ್ನೂ ಕಾಯನ್ನೂ ಮರಿಯ ಮುಂದೆ ಬಿಟ್ಟು ಹೋಗುವುದುಂಟು. ಕೈ ಕುದುರಲು ಹಲವು ವರ್ಷಗಳೇ ಬೇಕು. ನೆಲವನ್ನು ಅಗೆದಾಗ ಹೀಗೆ ಬಳಸಿದ ಕಲ್ಲುಗಳು ದೊರೆತವು. ಅವು 4,300 ವರ್ಷಗಳಷ್ಟು ಹಳೆಯವೆಂದು 2007ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಗೊಂಬೆಯಲ್ಲಿಯೂ ಕಲ್ಲಿದೆ, ಎಣ್ಣೆತಾಳೆಯ ಕಾಯಿ ಇದೆ. ಆದರೆ ಅಲ್ಲಿಯ ಚಿಂಪಾಂಜಿಗಳು ಅದನ್ನು ಕುಟ್ಟಿ ಒಡೆಯುವುದಿಲ್ಲ. ಒಂದೊಂದು ಕಾಡಿಗೆ ಒಂದೊಂದು ಪದ್ಧತಿ. ಇಂತಹ 39 ಪದ್ಧತಿಗಳನ್ನು 1999ರಲ್ಲಿ ಪಟ್ಟಿಮಾಡಿದರು. ಗಡಿನಾಡಿನಲ್ಲಿದ್ದು ಮನೆಮಾತನ್ನು ಮಕ್ಕಳ ಕಿವಿಗೆ ಹಾಕುತ್ತಿರುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈಗ ಕಾಡುಗಳು ತುಂಡುತುಂಡಾಗುತ್ತಿವೆ. ಮರಿಯನ್ನು ಹಿಡಿದು ಮಾರುವ ಬೇಟೆಗಾರರು ಮೊದಲು ತಾಯಿಯನ್ನು ಕೊಲ್ಲುತ್ತಾರೆ. ಮನುಷ್ಯರ ಹಾವಳಿ ಹೆಚ್ಚಾದ ಕಡೆಗಳಲ್ಲಿ ಚಿಂಪಾಂಜಿಗಳ ಇಂತಹ ಪದ್ಧತಿಗಳೂ ಕಡಿಮೆಯಾಗಿ ಕಾಣುತ್ತವೆಯೆಂದು 2019ರಲ್ಲಿ ಒಂದು ದೊಡ್ಡ ಅಧ್ಯಯನವು ತಿಳಿಸಿತು. ಹಿಡಿದು ತಂದ ಮರಿಯನ್ನು ಸಾಕಿ ಸಲಹಬಹುದು. ಅದರ ತಾಯಿಗೆ ಗೊತ್ತಿದ್ದುದನ್ನು ನಾವು ಕಲಿಸಲಾರೆವು.

ಗುಡಾಲರು 2025ರ ಅಕ್ಟೋಬರ್ 1ರಂದು, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೊಂಬೆಯಲ್ಲಿ ಅವರು ಆರಂಭಿಸಿದ ದಿನಚರಿಯ ಬರವಣಿಗೆಯನ್ನು ಟಾಂಜಾನಿಯಾದ ವೀಕ್ಷಕರು ಮುಂದುವರಿಸುತ್ತಿದ್ದಾರೆ.

ಇನ್ನು ನಮ್ಮ ವಿಜ್ಞಾನದ ಉಪಾಧ್ಯಾಯರು ಚಿತ್ರಗಳನ್ನು ತೋರಿಸುವರು. ಮೊದಲನೆಯದು ಹುತ್ತದ ಬಳಿ ಕುಳಿತ ತಾಯಿಮಕ್ಕಳದು. ಮಕ್ಕಳೇ, ತಾಯಿಯ ಮುಖವನ್ನು ಆಮೇಲೆ ನೋಡಿ. ಮೊದಲು ಮರಿಯ ಕಣ್ಣು ಎಲ್ಲಿ ನೆಟ್ಟಿದೆಯೆಂಬುದನ್ನು ಗಮನಿಸಿ.