ಲಿಂಗ ಹಿಡಿಯುವ ಕೈ, ದುಡಿಯುವ ಕೈ

(2023ರ ಬಸವ ಜಯಂತಿಯ ನಿಮಿತ್ತ ಮಂಗಳೂರಿನ ಬಂದರಿನಲ್ಲಿ ಆಡಿದ ಮಾತುಗಳು)



ಕಳೆದ ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ದಿನಗಳವು. ದಕ್ಕೆಯ ಹತ್ತಿರ ಐಸ್ ಪುಡಿ ಮಾಡುವ ಯಂತ್ರಕ್ಕೆ ವಿಜಯಪುರದ ಕಡೆಯ ಒಬ್ಬ ತರುಣನ ಎಡಗೈ ಸಿಕ್ಕಿತು. ಹೆಬ್ಬೆರಳು ಪೂರ್ತಿ ಹೋಯಿತು. ನಾನು ಆಸ್ಪತ್ರೆಗೆ ಹೋದಾಗ ಅವನು ದುಡ್ಡಿನ ಮಾತೆತ್ತಲಿಲ್ಲ. “ಅಣ್ಣಾರ, ಈ ಕೈಯಾಗ ಲಿಂಗ ಇಟ್ಕೊಂಡು ಪೂಜಿ ಮಾಡ್ತಿದ್ದೆ. ಇನ್ನ ಹೆಂಗ ಮಾಡ್ಲಿ?” ಎಂದ.

“ಅಂಗೈ ಐತಲ್ಲ ತಮ್ಮಾ, ಅಷ್ಟು ಸಾಕು. ಅಂಗೈ ಇಲ್ಲದಿದ್ರೂ ಲಿಂಗ ನಿನ್ನ ಬಿಟ್ಟು ಹೋಗೂದಿಲ್ಲ” ಎಂದೆ. ಆಮೇಲೆ ಮಾಲೀಕರು ಏನೆಂದರು ಎಂದು ಕೇಳಿದೆ. “ದವಾಖಾನಿ ಬಿಲ್ ಕಟ್ಟ್ಯಾರ್ರೀ. ಮ್ಯಾಲ ಐದು ಸಾವಿರ ಕೊಟ್ಟಾರ. ಇನ್ನೇನೂ ಕೇಳೂದಿಲ್ಲಂತ ಕಾಗದದ ಮ್ಯಾಲ ಸಹಿ ಮಾಡಿಸ್ಕೊಂಡಾರ” ಎಂದ.

ಆ ಮಾಲೀಕರು ಕೆಟ್ಟವರಲ್ಲ. ದಾಸೋಹಕ್ಕೆ ಅಕ್ಕಿ ಮೂಟೆ ಕಳಿಸುವವರು. ಆ ಹುಡುಗನೂ ದಡ್ಡನಲ್ಲ, ದಿನವೂ ಲಿಂಗಪೂಜೆ ತಪ್ಪಿಸದವನು. ಕಾಯಕ ದೊಡ್ಡದು ಎಂದು ಇಬ್ಬರಿಗೂ ನಾವು ಹೇಳಿಕೊಟ್ಟಿದ್ದೇವೆ. ಕಾಯಕದಲ್ಲಿ ಕೈ ಹೋದರೆ ಯಾರು ಯಾರಿಗೆ ಏನು ಸಲ್ಲಿಸಬೇಕು ಎಂಬುದನ್ನು ಮಾತ್ರ ಹೇಳಿಕೊಟ್ಟಿಲ್ಲ. ಅದನ್ನು ಇವತ್ತು ಹೇಳುತ್ತೇನೆ.

ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. 2023ಕ್ಕೆ ನೂರು ತುಂಬಿತು. ಮುಂದೆ ಅದಕ್ಕೆ ನೌಕರರ ಪರಿಹಾರ ಕಾಯ್ದೆ ಎಂಬ ಹೆಸರಾಯಿತು. ಅದರ ಪಟ್ಟಿಯಲ್ಲಿ ಬೆರಳು ಬೆರಳಿಗೂ ಲೆಕ್ಕವಿದೆ. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳಿಗೆ ಶೇ. 14, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50, ಐದೂ ಹೋದರೆ ಶೇ. 60.

ರೂಪಾಯಿಯಲ್ಲಿ ನೋಡಿ. ಆ ಹುಡುಗನಿಗೆ 30 ವರ್ಷ, ತಿಂಗಳಿಗೆ 15,000 ದುಡಿಮೆ. ಅದರ ಶೇ. 60 ಅಂದರೆ 9,000. ಅವನ ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಗುಣಕ 207.98. ಗುಣಿಸಿದರೆ 18,71,820. ಅದರಲ್ಲಿ ಶೇ. 30 ಎಂದರೆ 5,61,546 ರೂಪಾಯಿ. ಅವನ ಕೈಗೆ ಬಂದದ್ದು ಐದು ಸಾವಿರ. ಆಸ್ಪತ್ರೆಯ ಖರ್ಚು ಕೊಡುವುದೂ ಮಾಲೀಕರ ಹೊಣೆಯೇ, ಅದನ್ನು ಈ ಮೊತ್ತದಲ್ಲಿ ಮುರಿದುಕೊಳ್ಳುವಂತಿಲ್ಲ.

ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದ ಕಾನೂನಿನಲ್ಲಿ ನಿಲ್ಲುವುದಿಲ್ಲ. ದಿನಗೂಲಿಯವನು, ಗುತ್ತಿಗೆದಾರನ ಆಳು ಎಂಬ ನೆಪವೂ ನಡೆಯುವುದಿಲ್ಲ. ‘ನಿನ್ನ ಅಜಾಗ್ರತೆ’ ಎಂದ ಮಾತ್ರಕ್ಕೆ ಹಕ್ಕು ಹೋಗದು. ಕುಡಿದು ಕೆಲಸ ಮಾಡಿದ್ದರೆ, ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದಿದ್ದರೆ ಮಾತು ಬೇರೆ. ಅಪಘಾತವಾದ ಎರಡು ವರ್ಷದೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು. ಕೊಡಬೇಕಾದ ಹಣವನ್ನು ಒಂದು ತಿಂಗಳಲ್ಲಿ ಕೊಡದಿದ್ದರೆ ಬಡ್ಡಿಯೂ ಸೇರುತ್ತದೆ. ಇಎಸ್‌ಐ ಇರುವವರು ಪರಿಹಾರವನ್ನು ಅಲ್ಲಿಯೇ ಕೇಳಬೇಕು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು ಅಲ್ಲಿ ಸಿಗುತ್ತದೆ.

‘ಶರಣನಾದವನು ಹಣ ಕೇಳಬಹುದೇ? ಅದು ಆಸೆಯಲ್ಲವೇ?’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದಳು ಆ ತಾಯಿ. ಈಗ ಹೇಳಿ, ಬೆರಳು ಕಳೆದುಕೊಂಡವನಿಗೆ ಸಲ್ಲಬೇಕಾದ ಐದೂವರೆ ಲಕ್ಷ ಯಾರ ಮನೆಯಲ್ಲಿ ಉಳಿದಿದೆಯೋ ಆ ಮನೆಯಲ್ಲಲ್ಲವೇ ಹೆಚ್ಚಿನ ಅಕ್ಕಿ ಇರುವುದು? ಅದನ್ನು ಇಟ್ಟುಕೊಂಡು ಮಠಕ್ಕೆ ಮೂಟೆ ಕಳಿಸಿದರೆ ದಾಸೋಹವಾಗುವುದಿಲ್ಲ. ಮಾಲೀಕ ಬಂಧುಗಳೇ, ಈ ಹೊಣೆಗೆ ವಿಮೆ ಇದೆ, ಮಾಡಿಸಿಡಿ. ಯಂತ್ರದ ಬಾಯಿಗೆ ಕವಚ ಹಾಕಿಸಿ.

ಹಮಾಲ ಬಂಧುಗಳೇ, ಇನ್ನೊಂದು ಮಾತು. ಬೆರಳು ತುಂಡಾದರೆ ಇಲ್ಲಿ ಐಸ್‌ಗೆ ಬರವಿಲ್ಲವೆಂದು ನೇರ ಐಸ್‌ನಲ್ಲಿ ಹಾಕಬೇಡಿ, ಬೆರಳು ಕೆಡುತ್ತದೆ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಗಾಯ ಹೇಗಾಯಿತು ಎಂಬುದನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ. ‘ಮನೆಯಲ್ಲಿ ಬಿದ್ದೆ’ ಎಂದು ಹೇಳಬೇಡಿ. ಕೂಲಿ ಚೀಟಿ ಜೋಪಾನ ಮಾಡಿ, ಜೊತೆಗಿದ್ದವರ ಹೆಸರು ಬರೆದಿಡಿ.

ಆ ಹುಡುಗನ ಅರ್ಜಿ ಹಾಕಿಸಿದ್ದೇವೆ, ವಿಚಾರಣೆ ನಡೆದಿದೆ. ಅವನು ಮತ್ತೆ ಲಿಂಗಪೂಜೆ ಶುರು ಮಾಡಿದ್ದಾನೆ. ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಸೋಮವಾರದ ಸಾಮೂಹಿಕ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಇಂಥವರ ಅರ್ಜಿ ಬರೆದುಕೊಡಲು ಮಠದಲ್ಲಿ ಒಂದು ಮೇಜು, ಓದುಬರಹ ಬಲ್ಲ ಇಬ್ಬರು ಬೇಕು. ಒಬ್ಬನಾಗಿ ನಾನು ಬರುತ್ತೇನೆ. ಇನ್ನೊಬ್ಬರು ಈ ಸಭೆಯಿಂದ ಏಳಬೇಕು.