ಪರರ ಮನಸ್ಸನ್ನು ಅರಿಯುವ ಬಗೆ



ಜಿನಾಗಮವು ಜ್ಞಾನವನ್ನು ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಐದು ವಿಧವಾಗಿ ಹೇಳುತ್ತದೆ. ಪರರ ಮನದಲ್ಲಿರುವುದನ್ನು ಪ್ರತ್ಯಕ್ಷವಾಗಿ ಅರಿಯುವ ಮನಃಪರ್ಯಯವು ಸಂಯಮಿಗಳಾದ ಮಹಾಮುನಿಗಳಿಗೆ ಮಾತ್ರ ಲಭ್ಯ. ತೀರ್ಥಂಕರರಿಗೂ ಅದು ಉದಿಸುವುದು ಸರ್ವಸಂಗವನ್ನು ತೊರೆದು ದೀಕ್ಷೆ ಕೈಗೊಂಡ ಬಳಿಕವೇ.

ರಾಗದ್ವೇಷಗಳಲ್ಲಿ ಮುಳುಗಿದ ಗೃಹಸ್ಥನಾದರೋ ಅಣ್ಣನ ಮೌನವನ್ನು ಅಹಂಕಾರವೆಂದೂ, ತಮ್ಮನ ಮಾತನ್ನು ಕಪಟವೆಂದೂ ಕ್ಷಣಮಾತ್ರದಲ್ಲಿ ನಿರ್ಣಯಿಸಿಬಿಡುತ್ತಾನೆ. ಎದುರಿನವನ ಖಾತೆಯನ್ನು ನೋಡದೆ, ತನ್ನ ಪುಸ್ತಕವೊಂದರಿಂದಲೇ ಬಾಕಿ ಬರೆಯುವ ವ್ಯಾಪಾರಿಯ ನಡೆಯಂತಿದು. ಹೀಗೆ ಒಡೆದ ಮನೆಗಳೆಷ್ಟು!

ಭಗವಾನ್ ಬಾಹುಬಲಿಯು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ, ತಾನು ನಿಂತಿರುವುದು ಭರತನ ನೆಲದಲ್ಲಲ್ಲವೇ ಎಂಬ ಶಲ್ಯವು ಉಳಿದಿತ್ತೆಂದು ಪರಂಪರೆ ಹೇಳುತ್ತದೆ. ಷಟ್ಖಂಡಾಧಿಪತಿಯಾದ ಭರತೇಶನು ದೂತರನ್ನು ಕಳುಹಿಸಲಿಲ್ಲ. ತಾನೇ ಬಂದು ತಮ್ಮನ ಪಾದಕ್ಕೆರಗಿದನು. ಶಲ್ಯವು ಕಳೆದು ಕೇವಲಜ್ಞಾನವು ಉದಯಿಸಿತು.

ಮಹಾತಪಸ್ವಿಯ ಮನದ ಮುಳ್ಳು ಕಳೆಯಲೂ ಅಣ್ಣನು ನಡೆದು ಬರಬೇಕಾಯಿತು. ಹೀಗಿರುವಾಗ ಶ್ರಾವಕನು ಊಹೆಯನ್ನು ನಂಬಿ ಕುಳಿತಿರುವುದು ಸರಿಯೇ? ಕ್ಷಮಾವಣಿಯು ನಾಲಗೆಯ ಮೇಲಷ್ಟೇ ಉಳಿಯದಿರಲಿ. ಜಿನಬಿಂಬದ ಪ್ರತಿಷ್ಠೆಯ ಈ ಪುಣ್ಯದಿನದಂದು ಸ್ವಂತ ಪ್ರತಿಷ್ಠೆಯನ್ನು ಬದಿಗಿಟ್ಟು, ಮುನಿದ ಬಂಧುವಿನ ಬಾಗಿಲಿಗೆ ತಾನಾಗಿ ಹೋಗಿ, ‘ನಿನ್ನ ಮನದಲ್ಲೇನಿದೆ?’ ಎಂದು ಕೇಳುವವನೇ ಧನ್ಯನು.

ಜೈನಂ ಜಯತು ಶಾಸನಂ.