ನೆಟಿಗೆ ಸದ್ದೂ ರಾತ್ರಿಯ ಜೋಮೂ

(ಕುವೈತಿನಲ್ಲಿ ನಮ್ಮ ಕೂಟದ ಶುಕ್ರವಾರದ ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಸದಸ್ಯರೊಬ್ಬರು ಆಡಿದ ಮಾತು)

ಬಿರಿಯಾನಿ ಊಟ ಆದಮೇಲೆ ಮಾತಾಡು ಅಂತ ಕರೆದಿದ್ದೀರಿ. ನಿದ್ದೆ ಬರೋ ಮೊದಲು ಒಂದು ಕೆಲಸ ಮಾಡಿ. ಎಲ್ಲರೂ ಒಮ್ಮೆ ಬೆರಳಿನ ನೆಟಿಗೆ ಮುರಿಯಿರಿ. ಹಾಂ, ಹಿಂದಿನ ಸಾಲಿನದ್ದೂ ಇಲ್ಲಿಗೆ ಕೇಳಿಸಿತು!

ಹೀಗೆ ಮುರಿದು ಮನೆಯಲ್ಲಿ ಬೈಸಿಕೊಳ್ಳದವರು ಯಾರಿದ್ದೀರಿ? "ಕೀಲು ಸವೆಯುತ್ತೆ ಕಣೋ" ಅಂತ ಅಜ್ಜಿ ಗದರುತ್ತಿದ್ದಳು. ಅದೇ ಅಜ್ಜಿ ನಾವು ರಜೆಗೆ ಊರಿಗೆ ಹೋದಾಗ ನಮ್ಮ ಮುಖ ನೀವಿ, ತನ್ನ ಹಣೆಯ ಪಕ್ಕ ಬೆರಳು ಒತ್ತಿ ಪಟಪಟ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾಳೆ. ಎಷ್ಟು ಸದ್ದೋ ಅಷ್ಟು ದೃಷ್ಟಿ ಆಗಿತ್ತಂತೆ. ಆಗ ಮಾತ್ರ ಕೀಲು ಸವೆಯುವುದಿಲ್ಲ.

ಆ ಸದ್ದು ಮೂಳೆಗೆ ಮೂಳೆ ತಾಗಿದ್ದಲ್ಲ. ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ, ಅದರಲ್ಲಿ ಅನಿಲ ಕರಗಿರುತ್ತದೆ. ಬೆರಳು ಎಳೆದಾಗ ಒಳಗಿನ ಒತ್ತಡ ಇಳಿದು ಗುಳ್ಳೆ ಹುಟ್ಟುತ್ತದೆ, ಸೋಡಾ ಬಾಟಲಿ ತೆರೆದ ಹಾಗೆ. 2015ರಲ್ಲಿ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೇ ಬೆರಳು ಎಳೆದು ಇದನ್ನು ಚಿತ್ರ ಹಿಡಿದರು. ಗುಳ್ಳೆ ಹುಟ್ಟುವಾಗ ಸದ್ದೋ ಒಡೆಯುವಾಗ ಸದ್ದೋ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಇದೆ, ನಮಗೆ ಅದು ಬೇಡ. ಒಮ್ಮೆ ಮುರಿದ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ. ಬೇಕಾದರೆ ಈಗಲೇ ನೋಡಿ.

ಅಮೆರಿಕದ ಡೊನಾಲ್ಡ್ ಉಂಗರ್ ಅನ್ನುವ ಡಾಕ್ಟರು ಹಿರಿಯರ ಮಾತು ನಿಜವೇ ಅಂತ ನೋಡಲು 50 ವರ್ಷ ಎಡಗೈ ನೆಟಿಗೆ ಮಾತ್ರ ಮುರಿದರು, ದಿನಕ್ಕೆ ಎರಡು ಸಲವಾದರೂ. ಬಲಗೈ ಮುಟ್ಟಲಿಲ್ಲ. ಎರಡೂ ಕೈಗೆ ಸಂಧಿವಾತ ಬರಲಿಲ್ಲ ಅಂತ 1998ರಲ್ಲಿ ಬರೆದರು. 2009ರಲ್ಲಿ ಅವರಿಗೆ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನವೂ ಸಿಕ್ಕಿತು. ಒಬ್ಬರ ಕೈ ದೊಡ್ಡ ಪುರಾವೆಯಲ್ಲ, ಒಪ್ಪಿದೆ. ಆದರೆ ಹೆಚ್ಚು ಜನರನ್ನು ನೋಡಿದ ಅಧ್ಯಯನಗಳಲ್ಲೂ ನೆಟಿಗೆಗೂ ಸಂಧಿವಾತಕ್ಕೂ ನಂಟು ಕಂಡಿಲ್ಲ. ಬೆರಳಿನ ಮಾತಾಯಿತು. ಸಲೂನಿನಲ್ಲಿ ಕ್ಷೌರ ಆದಮೇಲೆ ಕುತ್ತಿಗೆ ಲಟಕ್ ಅನ್ನಿಸಿಕೊಳ್ತೀರಲ್ಲ, ಅದು ಬೇಡ. ಕತ್ತಿನ ರಕ್ತನಾಳ ಹರಿದು ಲಕ್ವ ಹೊಡೆದದ್ದಿದೆ.

ಇಷ್ಟು ಹೇಳಲಿಕ್ಕೆ ನಾನು ಬರಲಿಲ್ಲ.

ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ರೂಮಿನಲ್ಲಿ ಒಬ್ಬರಿದ್ದರು, ಅಣ್ಣ ಅಂತಲೇ ಕರೆಯುತ್ತಿದ್ದೆ. ಬ್ರೇಕರ್ ಹಿಡಿದು ಕಾಂಕ್ರೀಟ್ ಒಡೆಯುವ ಕೆಲಸ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೈ ಕೊಡವುತ್ತಿದ್ದರು. ಕೇಳಿದರೆ, "ಚಿಕ್ಕಂದಿನಲ್ಲಿ ಬಹಳ ನೆಟಿಗೆ ಮುರೀತಿದ್ದೆ ಮಾರಾಯ, ಅದರ ಫಲ" ಅನ್ನುತ್ತಿದ್ದರು. ನಾನು ಓದಿ ಬಂದವನು. ನಕ್ಕು, ನೆಟಿಗೆಯಿಂದ ಏನೂ ಆಗಲ್ಲ ಅಂದೆ, ಬಾಮ್ ಕೊಟ್ಟು ಮಲಗಿದೆ. ಹಾಗಾದರೆ ಯಾವುದರಿಂದ ಆಗ್ತಿದೆ ಅಂತ ಕೇಳಲೇ ಇಲ್ಲ. ಏಳು ತಿಂಗಳು ಹೀಗೇ ಹೋಯಿತು. ಒಂದು ಬೆಳಗ್ಗೆ "ಸ್ವಲ್ಪ ಗುಂಡಿ ಹಾಕು" ಅಂತ ಅಂಗಿ ಹಿಡಿದು ಮುಂದೆ ನಿಂತರು. ಆಗ ಅವರ ಕೈ ನೋಡಿದೆ. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿತ್ತು, ಕಾರ್ಪಲ್ ಟನೆಲ್ ಅಂತಾರೆ. ಆಪರೇಷನ್ ಆಯಿತು, ರಾತ್ರಿಯ ಜೋಮು ನಿಂತಿತು. ಹೋದ ಮಾಂಸ ಪೂರ್ತಿ ಬರಲಿಲ್ಲ. ಮಗಳ ಜಡೆ ಹೆಣೆಯೋಕೆ ಆಗಲ್ಲ ಅಂತ ಊರಿಂದ ಫೋನಿನಲ್ಲಿ ಹೇಳಿ ನಗುತ್ತಾರೆ. ನನಗೆ ನಗು ಬರಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಾ? ಕೊಡವಿದರೆ ಸರಿಯಾಗುತ್ತಾ? ಚಹಾ ಲೋಟ ಕೈಜಾರುತ್ತಾ? ತೋರಿಸಿಕೊಳ್ಳಿ. ಬೆಳಗ್ಗೆ ಎದ್ದು ಅರ್ಧ ಗಂಟೆ ಮೀರಿ ಬೆರಳು ಮಡಚಲು ಬಾರದಿದ್ದರೆ, ಗೆಣ್ಣು ಊದಿ ಬಿಸಿಯಾಗಿದ್ದರೆ ಅದು ಬೇರೆ ಕಾಯಿಲೆ, ಅದಕ್ಕೂ ಡಾಕ್ಟರೇ ಬೇಕು.

"ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸಿದರೆ?" ಅಂತ ನೀವು ಕೇಳ್ತೀರಿ. ಅಣ್ಣನೂ ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಕಳಿಸುವುದೇ ಇಲ್ಲ ಅಂತ ನಾನು ಭರವಸೆ ಕೊಡಲಾರೆ. ಆದರೆ ಮೊದಲ ತಿಂಗಳಲ್ಲಿ ಬಂದವರಿಗೆ ಎಷ್ಟೋ ಸಲ ರಾತ್ರಿ ಮಣಿಕಟ್ಟಿಗೆ ಪಟ್ಟಿ, ಸ್ವಲ್ಪ ದಿನ ಬೇರೆ ಕೆಲಸ, ಇಷ್ಟರಲ್ಲೇ ಮುಗಿಯುತ್ತದೆ. ತಡಮಾಡಿದ ಅಣ್ಣನನ್ನು ಕಂಪನಿ ಕಳಿಸಿಯೇ ಕಳಿಸಿತು.

ಸಭೆ ಮುಗಿದಮೇಲೆ ಚಪ್ಪಲಿ ಸ್ಟ್ಯಾಂಡ್ ಪಕ್ಕ ಕೂತಿರುತ್ತೇನೆ. ಹೆಸರು, ಕಂಪನಿ ಏನೂ ಕೇಳಲ್ಲ. ಕೈ ತೋರಿಸಿ ಹೋಗಿ.